ಕರಿಮುಸುಕಿನ ಹಿಂದಿನ ಮುಖ

೧೯೯೮ರ ಎಪ್ರಿಲ್ ರಜೆ. ನಾನಾಗ ಮೂಡುಬಿದಿರೆಯ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದೆ. ರಜೆ ಬಂದರೆ ಬೆಳ್ತಂಗಡಿ ಕಡೆಯ ಬಾಲವಾಡಿಗಳ ಗೋಡೆಗೆ ನವಿಲು, ಮೊಲ, ಅಕ್ಷರಮಾಲೆ ಬಿಡಿಸಿಕೊಡುತ್ತಿದ್ದೆ. ಆ ವರ್ಷ ಕಕ್ಕಿಂಜೆಯ ಬಾಲವಾಡಿಯ ಗೋಡೆ ಮುಗಿಸಿ ಬ್ರಶ್ ತೊಳೆಯುತ್ತಿದ್ದಾಗ ಅಲ್ಲಿನ ಟೀಚರ್ ವನಜಕ್ಕ ಹತ್ತಿರ ಬಂದು ನಿಂತರು.

“ಒಂದು ಚಿತ್ರ ಮಾಡಿಕೊಡ್ತೀರಾ? ನಮ್ಮವರಿಗೆ ಬೇಕಂತೆ. ಸ್ವಲ್ಪ ಮನೆಗೆ ಬರಬೇಕಾಗ್ತದೆ.”

ಅವರ ಗಂಡ ಸಂಜೀವಣ್ಣನ ಸಂಗತಿ ನಾನು ಕೇಳಿದ್ದೆ. ಚಾರ್ಮಾಡಿ ರಸ್ತೆ ಬದಿಯಲ್ಲಿ ಅವರದ್ದೊಂದು ಸಣ್ಣ ಹೋಟೆಲು. ಹಿಂದಿನ ವರ್ಷ ಗೋಳಿಬಜೆ ಕರಿಯುತ್ತಿದ್ದಾಗ ಸೀಮೆಎಣ್ಣೆಯ ಸ್ಟವ್ ಸಿಡಿದು ಮುಖವೆಲ್ಲ ಸುಟ್ಟಿತ್ತು. ತಿಂಗಳುಗಟ್ಟಲೆ ಮಂಗಳೂರಿನ ಆಸ್ಪತ್ರೆಯಲ್ಲಿದ್ದರು. ಅಷ್ಟು ಕಾಲ ಅವರ ಮಗಳು ಅಶ್ವಿನಿ ಪಾಣೆಮಂಗಳೂರಿನಲ್ಲಿ ಅಜ್ಜಿಯ ಜೊತೆ ಇದ್ದಳು. ಅಪ್ಪ ಮನೆಗೆ ಬಂದ ದಿನ ಅವರನ್ನು ನೋಡಿ ಕಿರುಚಿಕೊಂಡು ನೆರೆಮನೆಗೆ ಓಡಿದಳಂತೆ. ಅಂದಿನಿಂದ ಸಂಜೀವಣ್ಣ ಮುಖಕ್ಕೆ ಬೈರಾಸು ಸುತ್ತಿಕೊಳ್ಳಲು ಶುರು ಮಾಡಿದ್ದರು. ಹೆಗಲ ಮೇಲೆ ಹಾಕುವ ಅದೇ ಚೌಕುಳಿ ಬಟ್ಟೆ. ಎರಡು ಕಣ್ಣು ಮಾತ್ರ ಕಾಣುತ್ತಿತ್ತು.

ಮನೆಗೆ ಹೋದಾಗ ಅವರೇ ಕುರ್ಚಿ ಎಳೆದು ಕೊಟ್ಟರು. ಒಳಗಿಂದ ಒಂದು ಹರಿದ ಚಿತ್ರಕಥೆ ಪುಸ್ತಕ ತಂದರು. ಹುಡುಗನಾಗಿದ್ದಾಗ ಬೆಳ್ತಂಗಡಿ ಬಸ್‌ಸ್ಟ್ಯಾಂಡಿನಲ್ಲಿ ಕೊಂಡದ್ದಂತೆ. ಅದರಲ್ಲಿ ದೊಡ್ಡ ಹೀರೋ ಬೇರೆಯೇ. ಆ ಹೀರೋ ಸಿಕ್ಕಿಬಿದ್ದಾಗ ಕೊನೆಯ ಎರಡು ಪುಟಗಳಲ್ಲಿ ಒಬ್ಬ ಬರುತ್ತಾನೆ. ಕರಿಮುಸುಕು ಅಂತ ಹೆಸರು. ಬಂಡೆ ಎತ್ತುತ್ತಾನೆ, ಹೀರೋವನ್ನು ಬಿಡಿಸುತ್ತಾನೆ, ಮಾತಾಡದೆ ಹೋಗುತ್ತಾನೆ. ಅವನ ಮುಖ ಯಾವ ಸಂಚಿಕೆಯಲ್ಲೂ ತೋರಿಸಿಲ್ಲ. ನಾನೂ ಚಿಕ್ಕಂದಿನಲ್ಲಿ ಅಂಥ ಪುಸ್ತಕ ಓದಿದವಳೇ, ಆದರೆ ಈ ಹೆಸರು ಕೇಳಿದ್ದೇ ಇಲ್ಲ.

ನಾವು ಮಾತಾಡಿದ್ದು ತುಳುವಿನಲ್ಲಿ. ಅವರು ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ. “ಬೈರಾಸು ಕಟ್ಟಿಕೊಂಡ ಮೇಲೆ ಮಗಳಿಗೆ ಇವನ ಕಥೆ ಹೇಳಿದೆ ಟೀಚರ್. ಪುಸ್ತಕದಲ್ಲಿ ಇರುವುದು ಸ್ವಲ್ಪ, ಉಳಿದದ್ದು ನನ್ನ ಬುರುಡೆ. ಕಥೆ ಅಂದರೆ ಹತ್ತಿರ ಬಂದು ಕೂತುಕೊಳ್ತಾಳೆ. ಈಗ ಕೇಳ್ತಾ ಇದ್ದಾಳೆ, ಮುಸುಕು ತೆಗೆದರೆ ಅವನು ಹೇಗಿದ್ದಾನೆ ಅಂತ.”

ಪುಸ್ತಕವನ್ನು ನನ್ನ ಕೈಗೆ ಕೊಟ್ಟು ಹೇಳಿದರು. “ಅವನಿಗೆ ನನ್ನ ಮುಖ ಮಾಡಿಕೊಡಿ. ಮೊದಲು ಅವನದ್ದು ನೋಡಲಿ. ಆಮೇಲೆ ನನ್ನದು.”

ಹೂಂ ಎಂದೆ.

ಮರುದಿನ ಅಶ್ವಿನಿಯನ್ನು ಬಾಲವಾಡಿಯಲ್ಲಿ ಆಯಾಳ ಜೊತೆ ಆಡಲು ಬಿಟ್ಟು ಬಂದ ವನಜಕ್ಕ ಬಾಗಿಲು ಹಾಕಿದರು. ಸಂಜೀವಣ್ಣ ಬೈರಾಸು ಬಿಚ್ಚಿದರು. ನನಗೆ ಭಯವಾಯಿತು ಎಂಬುದು ನಿಜ. ಒಂದು ಕಿವಿ ಇರಲಿಲ್ಲ. ಎಡಗೆನ್ನೆಯ ಚರ್ಮ ಎಳೆದು ಹೊಲಿದ ಹಾಗೆ ಬಾಯಿಯ ಮೂಲೆಯನ್ನು ಕೆಳಗೆ ಜಗ್ಗಿತ್ತು. ಆದರೆ ಬಿಡಿಸಬೇಕಾದರೆ ನೋಡಲೇಬೇಕು, ಅರೆಬರೆ ನೋಡಿದರೆ ಆಗುವುದಿಲ್ಲ. ಪೆನ್ಸಿಲ್ ಹಿಡಿದು ಕೂತ ಮೇಲೆ ಭಯ ಕಡಿಮೆಯಾಯಿತು. ಗೆರೆ ಎಲ್ಲಿ ತಿರುಗುತ್ತದೆ, ನೆರಳು ಎಲ್ಲಿ ಬೀಳುತ್ತದೆ ಎಂಬುದಷ್ಟೇ ಉಳಿಯಿತು.

ಅವರು ಕಾಗದದ ಕಡೆ ನೋಡುತ್ತಿರಲಿಲ್ಲ. ಮುಖದ ಮೇಲೆ ಬೆರಳಾಡಿಸುತ್ತಾ, “ಇಲ್ಲಿ ಗಟ್ಟಿ ಉಂಟು, ಇಲ್ಲಿ ಮುಟ್ಟಿದ್ದು ಗೊತ್ತಾಗುವುದಿಲ್ಲ” ಎನ್ನುತ್ತಿದ್ದರು. ಸುಟ್ಟ ಮೇಲೆ ಅವರು ಒಮ್ಮೆಯೂ ಕನ್ನಡಿ ನೋಡಿಲ್ಲ ಎಂಬುದು ಆಗ ತಿಳಿಯಿತು. ಆಸ್ಪತ್ರೆಯಲ್ಲಿ ಯಾರೂ ಕೊಡಲಿಲ್ಲ, ಮನೆಯಲ್ಲಿ ಅವರು ಕೇಳಲಿಲ್ಲ.

ಉಡುಪಿನ ಬಗ್ಗೆ ಮಾತ್ರ ಅವರಿಗೆ ಖಚಿತ ಅಭಿಪ್ರಾಯ ಇತ್ತು. “ಬೂಟು ಬೇಡ ಟೀಚರ್, ಘಾಟಿ ಹತ್ತುವಾಗ ಜಾರ್ತದೆ. ಪುಸ್ತಕದ ಆ ರೇಷ್ಮೆ ಮುಸುಕೂ ಬೇಡ.” ಹಾಗಾಗಿ ನನ್ನ ಕರಿಮುಸುಕು ಚಾರ್ಮಾಡಿಯ ಒಂದು ತಿರುವಿನಲ್ಲಿ ಬರಿಗಾಲಲ್ಲಿ ನಿಂತ. ಒಂದು ಕೈಯಲ್ಲಿ ಕಂದಕಕ್ಕೆ ವಾಲಿದ ಬಸ್ಸನ್ನು ಹಿಡಿದಿದ್ದ. ಇನ್ನೊಂದು ಕೈಯಲ್ಲಿ ಆಗಷ್ಟೇ ಬಿಚ್ಚಿದ ಬೈರಾಸು.

ಪೋಸ್ಟರ್ ಕಲರ್ ಒಣಗಿದ ಮೇಲೆ ಚಿತ್ರವನ್ನು ಅವರ ಕಡೆ ತಿರುಗಿಸಿದೆ. ವನಜಕ್ಕ ಅಡುಗೆಮನೆಯ ಬಾಗಿಲಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದರು. ಸಂಜೀವಣ್ಣ ತುಂಬಾ ಹೊತ್ತು ನೋಡಿದರು. ಕಣ್ಣು ಒದ್ದೆಯಾಯಿತು. ನಾನು ತಪ್ಪು ಮಾಡಿದೆನೇನೋ, ಗಾಯವನ್ನು ಸ್ವಲ್ಪ ಮೆತ್ತಗೆ ಬಿಡಿಸಬೇಕಿತ್ತೇನೋ ಎಂದು ಹೆದರಿದೆ.

“ಈತೇನಾ?” ಎಂದರು.

ಇಷ್ಟೇನಾ ಎಂದು ಅರ್ಥ.

“ನಾನು ಇದಕ್ಕಿಂತ ಎಷ್ಟೋ ಕೆಟ್ಟದಾಗಿ ಉಂಟು ಅಂದುಕೊಂಡಿದ್ದೆ” ಎಂದು ಹೆಂಡತಿಯ ಕಡೆ ತಿರುಗಿದರು. “ನೀನು ದಿನಾ ನೋಡುವುದು ಇದನ್ನೇನಾ?” ವನಜಕ್ಕ ಒಳಗೆ ಹೋದರು.

ಸಂಜೆ ಅಶ್ವಿನಿ ಬಂದಳು. ಆರು ವರ್ಷದ ಸಪೂರ ಹುಡುಗಿ. ಸಂಜೀವಣ್ಣ ಮತ್ತೆ ಬೈರಾಸು ಕಟ್ಟಿಕೊಂಡು ಚಿತ್ರವನ್ನು ಗೋಡೆಗೆ ಒರಗಿಸಿದ್ದರು. ಅವಳು ಮೊದಲು ಬಸ್ಸು ನೋಡಿದಳು, ಆಮೇಲೆ ಮುಖ. ಹಿಂದೆ ಸರಿಯಲಿಲ್ಲ. ಹತ್ತಿರ ಹೋಗಿ ಬಣ್ಣದ ಕೆನ್ನೆಯನ್ನು ಒಂದು ಬೆರಳಿನಿಂದ ಮುಟ್ಟಿದಳು.

“ಇವನಿಗೆ ನೋವಾಗ್ತದಾ?”

“ಮೊದಲು ಆಗ್ತಿತ್ತು. ಈಗ ಇಲ್ಲ” ಎಂದರು ಬಟ್ಟೆಯ ಒಳಗಿಂದ.

ಅವಳು ಚಿತ್ರವನ್ನೂ ಅಪ್ಪನನ್ನೂ ನೋಡಿದಳು. “ಪಪ್ಪಾ, ನಿಮ್ಮದು ಕೂಡ ಹೀಗೇ ಉಂಟಾ?”

“ಹೀಗೇ ಉಂಟು. ನೋಡ್ತೀಯಾ?”

ಅವರ ಕೈ ಬೈರಾಸಿನ ಗಂಟಿನ ಮೇಲಿತ್ತು. ಮಗು ತಲೆ ತಗ್ಗಿಸಿ ಸ್ವಲ್ಪ ಯೋಚಿಸಿ, “ಇವತ್ತು ಬೇಡ” ಎಂದಿತು.

ಸಂಜೀವಣ್ಣ ಕೈ ಕೆಳಗಿಳಿಸಿದರು. “ಆಯ್ತು ಮಗಾ” ಎಂದರು. ಧ್ವನಿಯಲ್ಲಿ ಬೇಸರ ಇರಲಿಲ್ಲ. ಹಿಂದಿನ ದಿನ ನಿಲ್ಲಿಸಿದಲ್ಲಿಂದ ಕಥೆ ಮುಂದುವರಿಸಿದರು. ನಾನು ಬಸ್ಸು ಹಿಡಿದು ಬಂದೆ. ದಾರಿಯುದ್ದಕ್ಕೂ ಮನಸ್ಸಿಗೆ ಭಾರವಾಗಿತ್ತು. ನಾನು ಬಿಡಿಸಿದ್ದು ಉಪಯೋಗಕ್ಕೆ ಬರಲಿಲ್ಲ ಎಂದೇ ಅನಿಸಿತು.

ಮೇ ಕೊನೆಗೆ ಮೂಡುಬಿದಿರೆಯ ಒಂದು ಮದುವೆಯಲ್ಲಿ ವನಜಕ್ಕ ಸಿಕ್ಕಿದರು. ಊಟದ ಪಂಕ್ತಿಗೆ ಕಾಯುತ್ತಾ ನಿಂತಲ್ಲಿ ಹೇಳಿದರು. ಒಂದು ಮಧ್ಯಾಹ್ನ ಅಪ್ಪ ಮಗಳು ಊಟಕ್ಕೆ ಕೂತಿದ್ದರಂತೆ. ಸಂಜೀವಣ್ಣ ಎಂದಿನಂತೆ ಬೈರಾಸನ್ನು ಸ್ವಲ್ಪವೇ ಎತ್ತಿ ತುತ್ತು ಇಡುತ್ತಿದ್ದರು. ಅಶ್ವಿನಿ, “ಪಪ್ಪಾ, ಬಟ್ಟೆಗೆ ಸಾರು ತಾಗ್ತದೆ, ತೆಗೀರಿ” ಎಂದಳಂತೆ. ಅವರು ತೆಗೆದರು. ಅವಳು ನೋಡಿದಳು, ಕಣ್ಣಲ್ಲಿ ನೀರು ತುಂಬಿಕೊಂಡಳು, ಆದರೆ ಎದ್ದು ಹೋಗಲಿಲ್ಲ. ತಟ್ಟೆಯಲ್ಲಿದ್ದ ಅನ್ನ ಪೂರ್ತಿ ಉಂಡಳು. “ಅವಳು ಉಂಡಳು, ಇವರಿಗೆ ಉಣ್ಣಲಿಕ್ಕೆ ಆಗಲಿಲ್ಲ ಮಾರಾಯ್ರೆ” ಎಂದು ವನಜಕ್ಕ ಆ ಗದ್ದಲದ ಮಧ್ಯೆ ಅತ್ತರು. ನಾನೂ ಅತ್ತೆ.

ಅದೇ ವರ್ಷ ಹೋಟೆಲು ಮತ್ತೆ ತೆರೆಯಿತು. ಧರ್ಮಸ್ಥಳಕ್ಕೆ ಹೋಗುವವರು ಈಗಲೂ ಅಲ್ಲಿ ಚಹಾಕ್ಕೆ ನಿಲ್ಲುತ್ತಾರೆ.

ಇಷ್ಟು ವರ್ಷವಾದರೂ ನನಗೆ ಹೆಚ್ಚು ನೆನಪಾಗುವುದು ಆ ಊಟದ ಸುದ್ದಿಯಲ್ಲ. ಗಂಟಿನ ಮೇಲೆ ಕೈ ಇಟ್ಟುಕೊಂಡಿದ್ದ ಆ ಮನುಷ್ಯ “ಆಯ್ತು ಮಗಾ” ಎಂದದ್ದು. ನಾನಾಗಿದ್ದರೆ ಒಮ್ಮೆ ನೋಡು, ಏನೂ ಆಗುವುದಿಲ್ಲ ಎಂದು ಒತ್ತಾಯಿಸುತ್ತಿದ್ದೆ. ಅವರು ಒತ್ತಾಯಿಸಲಿಲ್ಲ. ಮಗು ತಾನಾಗಿ ಕೇಳುವವರೆಗೆ ಬೈರಾಸಿನ ಸೆಕೆಯೊಳಗೆ ಕಥೆ ಹೇಳುತ್ತಾ ಕಾದರು.