ಒದ್ದೆ ಗೋಣಿಯ ಲೆಕ್ಕ

ನಮ್ಮ ಮನೆಗೆ ಬೇಸಿಗೆ ಬಂದದ್ದು ನನಗೆ ಮೊದಲು ಗೊತ್ತಾಗುವುದು ಮೂಗಿನಿಂದ. ಅಡುಗೆಮನೆಯ ಮೂಲೆಯಲ್ಲಿ ಮರಳಿನ ಮೇಲೆ ಮಡಕೆ ಕೂರಿಸಿ, ಅಮ್ಮ ಅದರ ಸುತ್ತ ಗೋಣಿಚೀಲ ಸುತ್ತಿ ನೀರು ಚಿಮುಕಿಸುತ್ತಾಳೆ. ಸೆಣಬು, ಅದರೊಳಗೆ ಎಂದೋ ತುಂಬಿದ್ದ ಕಡ್ಲೆಕಾಯಿಯ ಧೂಳು, ಮೇಲೆ ತಣ್ಣೀರು, ಮೂರೂ ಸೇರಿ ಒಂದು ವಾಸನೆ ಏಳುತ್ತದೆ. ಅದನ್ನು ಪರಿಮಳ ಎಂದರೆ ನೀವು ನಗಬಹುದು. ನಗಿ, ಪರವಾಗಿಲ್ಲ. ನಾನು ಮಾತ್ರ ಫ್ರಿಜ್ಜಿನ ಕಡೆ ಹೊರಟವಳು ದಾರಿ ಬದಲಿಸಿ ಆ ಮಡಕೆಯ ಹತ್ತಿರ ಸುಮ್ಮನೆ ನಿಲ್ಲುತ್ತೇನೆ.

ಇವತ್ತು ಹಾಗೆ ನಿಂತಿದ್ದಾಗಲೇ ಫೋನು ಟಿಣ್ ಎಂದಿತು. ಅಲ್ಮಾಜ್ ಕಳಿಸಿದ ವಾಯ್ಸ್ ಮೆಸೇಜು. ಅಲ್ಮಾಜ್ ಯಾರು, ಗೋಣಿಚೀಲಕ್ಕೂ ಅವಳಿಗೂ ಏನು ನಂಟು ಎಂದು ಹೇಳದೆ ಅದನ್ನು ನಿಮಗೆ ಕೇಳಿಸಿದರೆ ತಲೆಬುಡ ತಿಳಿಯುವುದಿಲ್ಲ. ಆದ್ದರಿಂದ ಸ್ವಲ್ಪ ಕೂತುಕೊಳ್ಳಿ, ಮಡಕೆ ನೀರು ಕುಡಿಯಿರಿ, ಹೇಳುತ್ತೇನೆ.

ಅಲ್ಮಾಜ್ ಇಥಿಯೋಪಿಯಾದ ಹುಡುಗಿ. ತುಮಕೂರಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯುಟೇಷನಲ್ ಎಂಜಿನಿಯರಿಂಗ್ ಎಂಬುದರಲ್ಲಿ ಎಂ.ಟೆಕ್ ಓದಲು ಬಂದಿದ್ದಳು. ಅಲ್ಲಿ ಪಾಠ ಹೇಳುವ ನನ್ನ ಹಳೆಯ ಗೆಳತಿಯೊಬ್ಬಳು ಫೋನು ಮಾಡಿ, ಈ ಹುಡುಗಿಗೆ ನಿಮ್ಮೂರು ತಿರುಮಣಿಯಲ್ಲಿ ಒಂದು ಬೇಸಿಗೆ ಇರಲು ಜಾಗ ಬೇಕು, ನಿಮ್ಮ ಮನೆಯಲ್ಲಿ ಆದೀತಾ ಎಂದು ಕೇಳಿದಳು. ನಮ್ಮೂರಿನ ಸೋಲಾರ್ ಪಾರ್ಕ್ ನೋಡಲು ದೊಡ್ಡ ದೊಡ್ಡ ಕಾರುಗಳಲ್ಲಿ ಬರುವವರಿಗೆ ಕಮ್ಮಿಯಿಲ್ಲ. ಬರುತ್ತಾರೆ, ಟೋಪಿ ಹಾಕಿಕೊಂಡು ಫೋಟೊ ತೆಗೆಸಿಕೊಳ್ಳುತ್ತಾರೆ, ಎಳನೀರು ಸಿಗುತ್ತದಾ ಎಂದು ಕೇಳಿ ಹೊರಡುತ್ತಾರೆ. ಉಳಿದುಕೊಳ್ಳುತ್ತೇನೆ ಎಂದವಳು ಇವಳೊಬ್ಬಳೇ. ನಾನು ಪಾವಗಡದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಬೇಸಿಗೆ ರಜೆ ಬೇರೆ. ಕುತೂಹಲ ತಡೆಯಲಾಗದೆ ಹೂಂ ಎಂದುಬಿಟ್ಟೆ.

ಕೊರಟಗೆರೆ, ಮಧುಗಿರಿ ದಾಟಿ ಬರುವ ಖಾಸಗಿ ಬಸ್ಸಿನಿಂದ ಒಂದು ಸೂಟ್‌ಕೇಸು, ಒಂದು ಲ್ಯಾಪ್‌ಟಾಪು, ಒಂದು ಕಬ್ಬಿಣದ ಕಂಬದ ಸಮೇತ ಇಳಿದಳು. ಕಂಬಕ್ಕೂ ಕಂಡಕ್ಟರ್ ಟಿಕೆಟ್ ಹರಿದಿದ್ದನಂತೆ. ಬಂದು ಕೂತವಳು ನೀರು ಕುಡಿಯುವ ಮೊದಲೇ ಕೇಳಿದ್ದು, ಮಧುಗಿರಿಯ ಬೆಟ್ಟ ನಿಜವಾಗಿಯೂ ಒಂದೇ ಕಲ್ಲಾ ಎಂದು. ಹೌದು ಎಂದೆ. ಸಂಜೆ ಅದರ ಕಡೆಯಿಂದ ಬೀಸುವ ಗಾಳಿ ಬಿಸಿಯಾಗಿರುತ್ತದಾ ಎಂದಳು. ಹುಟ್ಟಿದಾಗಿನಿಂದ ಆ ಬೆಟ್ಟ ನೋಡಿದ್ದೇನೆ, ಹಾಗೆ ಯೋಚಿಸಿಯೇ ಇರಲಿಲ್ಲ. ವಿಜ್ಞಾನದ ಮೇಡಂ ನಾನು! ಗೊತ್ತಿಲ್ಲ ಎನ್ನಲು ನಾಚಿಕೆಯಾಗಿ, ಅದು ಋತುವಿಗೆ ತಕ್ಕಂತೆ ಬದಲಾಗುತ್ತದೆ ಎಂದು ತೇಲಿಸಿದೆ.

ಅವಳ ಓದು ಏನೆಂದು ಊರಿನವರಿಗೆ ಬಿಡಿಸಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಸೇತುವೆ ಕಟ್ಟುವ ಮೊದಲು ಅದು ಬೀಳುತ್ತದೋ ಇಲ್ಲವೋ ಎಂದು ಕಂಪ್ಯೂಟರಿನೊಳಗೇ ಬೀಳಿಸಿ ನೋಡುತ್ತಾರಲ್ಲ, ಆ ಬಗೆಯ ಲೆಕ್ಕ ಎಂದೆ. ಇವಳಿಗೆ ಬೇಕಾದದ್ದು ಒಂದೇ ಉತ್ತರ. ಅಷ್ಟು ಗಾಜಿನ ಹಲಗೆಗಳನ್ನು ಹಾಸಿದ ಮೇಲೆ ಪಕ್ಕದ ಹೊಲಗಳಿಗೆ ಸೆಕೆ ಹೆಚ್ಚಾಗಿದೆಯೋ, ಕಮ್ಮಿಯಾಗಿದೆಯೋ? ಟೀ ಅಂಗಡಿಯಲ್ಲಿ ಇದರ ಬಗ್ಗೆ ಮೊದಲಿನಿಂದಲೂ ಎರಡು ಪಕ್ಷಗಳಿದ್ದವು. ಇನ್ನು ತೀರ್ಪು ಬರುತ್ತದೆ ಎಂದು ಎರಡೂ ಪಕ್ಷದವರು ಇವಳಿಗೆ ಟೀ ಕುಡಿಸಲು ಶುರುಮಾಡಿದರು.

ಆದರೆ ಕಂಪ್ಯೂಟರ್ ಹೇಳಿದ್ದನ್ನು ಹಾಗೇ ನಂಬುವಂತಿಲ್ಲ. ಹೊಲದಲ್ಲಿ ಪೆಟ್ಟಿಗೆ ನಿಲ್ಲಿಸಿ, ಅಲ್ಲಿನ ಶಾಖವನ್ನು ದಿನವಿಡೀ ಅಳೆದು, ಅಳತೆಗೂ ಲೆಕ್ಕಕ್ಕೂ ತಾಳೆಯಾಗಬೇಕು. ತಾಳೆಯಾಗದಿದ್ದರೆ ಅವಳ ಪ್ರಬಂಧವನ್ನು ಕಾಲೇಜು ತೆಗೆದುಕೊಳ್ಳುವುದಿಲ್ಲ. ವಿದ್ಯಾರ್ಥಿವೇತನವೂ ವೀಸಾವೂ ಆ ಬೇಸಿಗೆಗೇ ಮುಗಿಯುತ್ತಿದ್ದವು. ಅವಳೂರಿನ ಕಾಲೇಜಿನಲ್ಲಿ ಉಪನ್ಯಾಸಕಿಯ ಕೆಲಸ ಕಾದಿತ್ತು, ಆದರೆ ಪದವಿ ಕೈಯಲ್ಲಿದ್ದರೆ ಮಾತ್ರ. ಇಷ್ಟನ್ನೂ ಅವಳು ಒಂದು ಸಲ ಹೇಳಿ, ಮತ್ತೆ ಆ ಮಾತೆತ್ತಲಿಲ್ಲ.

ಈಗ ಅಮ್ಮನ ವಿಷಯ. ನಮ್ಮ ಹೊಲದ ಬಹುಪಾಲು ಪಾರ್ಕಿಗೆ ಗುತ್ತಿಗೆಗೆ ಹೋಗಿದೆ. ಬೇಲಿಯ ಈಚೆ ಒಂದು ಹುಣಸೆಮರ, ಒಂದು ಪಟ್ಟಿ ನೆಲ ಉಳಿದಿದೆ. ಅಲ್ಲಿ ಮಾಡುವ ಕೆಲಸ ಏನೂ ಇಲ್ಲ. ಆದರೂ ಅಮ್ಮ ದಿನಾ ಹೋಗಿಬರುತ್ತಾಳೆ. ಯಾಕಮ್ಮ ಬಿಸಿಲಲ್ಲಿ ಎಂದರೆ, "ನಾನು ಬ್ಯಾಡ ಅಂದ್ರೂ ಕಾಲು ಕೇಳಬೇಕಲ್ಲ ಕಣಮ್ಮ" ಎನ್ನುತ್ತಾಳೆ. ಅಲ್ಮಾಜ್ ತನ್ನ ಕಂಬ ನೆಟ್ಟು, ಬಿಳಿ ಪೆಟ್ಟಿಗೆ ಕೂರಿಸಿದ್ದು ಆ ಪಟ್ಟಿಯಲ್ಲೇ.

ಒಂದು ದಿನ ಅಮ್ಮನಿಗೆ ಲ್ಯಾಪ್‌ಟಾಪಿನಲ್ಲಿ ಹೊಲವನ್ನು ತೋರಿಸಿದಳು. ಲೆಕ್ಕ ಮಾಡುವುದಕ್ಕೆ ನೆಲವನ್ನೂ ಮೇಲಿನ ಗಾಳಿಯನ್ನೂ ಸಣ್ಣ ಸಣ್ಣ ಚೌಕಗಳಾಗಿ ಸೀಳಿರುತ್ತಾರೆ. ಅಮ್ಮ ಕನ್ನಡಕ ಏರಿಸಿ ತುಂಬ ಹೊತ್ತು ನೋಡಿದಳು. ಆಮೇಲೆ, ಇದ್ಯಾಕೆ ಇಷ್ಟು ಬದು ಹಾಕಿದ್ದೀಯಮ್ಮ, ಅಣ್ಣತಮ್ಮಂದಿರು ಜಗಳ ಆಡಿ ಪಾಲು ಮಾಡ್ಕೊಂಡಂಗೈತೆ ಎಂದಳು. ನಮ್ಮ ಹೊಲ ಎಲ್ಲಿ ಎಂದು ಕೇಳಿದಳು. ಅಲ್ಮಾಜ್ ಬೆರಳಿಟ್ಟು ತೋರಿಸಿದಳು. ಅಮ್ಮ ಅಲ್ಲೇ ತಾನೂ ಬೆರಳಿಟ್ಟು, ಹುಣಸೆಮರ ಬಿಟ್ಟುಹೋಗಿದೆ ಎಂದು ತಕರಾರು ತೆಗೆದಳು. ಮಾರನೆಯ ದಿನ ಲೆಕ್ಕದೊಳಗೆ ಒಂದು ಹುಣಸೆಮರ ಬಂತು.

ಅವರಿಬ್ಬರ ನಡುವೆ ಯಾವ ಭಾಷೆ ಓಡುತ್ತಿತ್ತೋ ದೇವರೇ ಬಲ್ಲ. ಅಮ್ಮನದು ನಮ್ಮ ಕಡೆಯ ಕಲಬೆರಕೆ, ಅರ್ಧ ಕನ್ನಡ, ಅರ್ಧ ತೆಲುಗು. ಅಲ್ಮಾಜ್ ಅದೆಲ್ಲ ಒಂದೇ ಭಾಷೆ ಎಂದುಕೊಂಡು ಶ್ರದ್ಧೆಯಿಂದ ಕಲಿತಳು. ಮಧ್ಯೆ ತುಮಕೂರಿಗೆ ಹೋಗಿದ್ದಾಗ ಹಾಸ್ಟೆಲಿನಲ್ಲಿ ಅನ್ನ ಬಡಿಸುವವರಿಗೆ "ಸಾಕಮ್ಮ, ಚಾಲು" ಎಂದು ಎರಡರಲ್ಲೂ ಹೇಳಿ ನಗಿಸಿ ಬಂದಳು. ನಮ್ಮ ರಾಗಿ ನೋಡಿ ಇದು ನಮ್ಮೂರಿನದೂ ಹೌದು, ದಗುಸಾ ಅಂತೀವಿ ಎಂದು ಮುದ್ದೆಗೆ ಕೈಹಾಕಿದಳು. ಕಾಫಿಯ ವಿಷಯದಲ್ಲಿ ಮಾತ್ರ ಪಾಪ ಅವಳ ಕಷ್ಟ ಕಣ್ಣಿಗೆ ಕಾಣುತ್ತಿತ್ತು. ಕಾಫಿಯ ತವರಿನಿಂದ ಬಂದವಳಿಗೆ ನಮ್ಮಮ್ಮ ಚಿಕೋರಿಯ ಕಷಾಯಕ್ಕೆ ಬೆಲ್ಲ ಹಾಕಿ, ಇಂಥದ್ದು ನಿಮ್ಮೂರಲ್ಲಿ ಸಿಕ್ಕಲ್ಲ ಎಂದು ಲೋಟ ತುಂಬ ಕೊಡುತ್ತಿದ್ದಳು. ಇಲ್ಲಮ್ಮ, ಸಿಕ್ಕಲ್ಲ ಎಂದು ಅವಳೂ ಪ್ರಾಮಾಣಿಕವಾಗಿಯೇ ಒಪ್ಪಿಕೊಳ್ಳುತ್ತಿದ್ದಳು.

ತಾಪತ್ರಯ ಶುರುವಾದದ್ದು ಅಳತೆ ಬರತೊಡಗಿದ ಮೇಲೆ. ಲೆಕ್ಕದ ಪ್ರಕಾರ ಬೆಳಗಿನಿಂದ ಏರಿದ ಶಾಖ ಮಧ್ಯಾಹ್ನ ಕಳೆಯುವವರೆಗೂ ಏರುತ್ತಲೇ ಇರಬೇಕು. ನಮ್ಮ ಹೊಲದ ಪೆಟ್ಟಿಗೆ ಮಾತ್ರ ನಡುಮಧ್ಯಾಹ್ನ, ಪಾವಗಡದ ಆ ಕೆಂಡದಂಥ ಬಿಸಿಲಿನಲ್ಲಿ, ತಣ್ಣಗಾಗುತ್ತಿತ್ತು. ಗ್ರಾಫಿನ ಗೆರೆ ಏರುತ್ತಾ ಬಂದು, ದಿಢೀರನೆ ಕುಸಿದು, ಆಮೇಲೆ ನಿಧಾನವಾಗಿ ಮೇಲೇಳುತ್ತಿತ್ತು. ನನಗೆ ತೋರಿಸಿದಳು. ನಾನು ಗಂಭೀರವಾಗಿ ನೋಡಿ, ಮೋಡ ಬಂದಿರಬೇಕು ಎಂದೆ. ಆ ತಿಂಗಳು ಮೋಡವನ್ನು ಕಂಡವರು ಯಾರೂ ಇರಲಿಲ್ಲ.

ತಪ್ಪು ತನ್ನ ಪ್ರೋಗ್ರಾಮಿನಲ್ಲೇ ಇದೆ ಎಂದು ಅಲ್ಮಾಜ್ ನಂಬಿಬಿಟ್ಟಳು. ಬಿಚ್ಚಿದಳು, ಮತ್ತೆ ಬರೆದಳು, ಗಾಳಿಯ ದಿಕ್ಕು ಬದಲಿಸಿದಳು, ಗಾಜಿನ ಹಲಗೆಗಳ ನೆರಳನ್ನು ಅತ್ತಿತ್ತ ಸರಿಸಿದಳು. ನಡುವೆ ಎರಡು ದಿನ ಮಾತ್ರ ಅಳತೆ ಲೆಕ್ಕದ ಜೊತೆ ನೆಟ್ಟಗೆ ಕೂತಿತು. ಉಳಿದ ದಿನಗಳ ಹಾಗಿಲ್ಲವಲ್ಲ, ಪೆಟ್ಟಿಗೆ ಕೆಟ್ಟಿರಬೇಕು ಎಂದು ಆ ಎರಡು ದಿನಗಳನ್ನೇ ಎತ್ತಿ ಪಕ್ಕಕ್ಕಿಟ್ಟಳು. ಊಟ ಕಮ್ಮಿಯಾಯಿತು. ಟೀ ಅಂಗಡಿಯ ಕಡೆ ಹೋಗುವುದನ್ನು ಬಿಟ್ಟಳು. ಆ ಮಗು ಯಾಕೆ ಹಿಂಗೆ ಕರಗೋಯ್ತಾ ಐತೆ ಎಂದು ಅಮ್ಮ ನನ್ನನ್ನು ಕೇಳಿದಳು. ಹೊಲದ ಪೆಟ್ಟಿಗೆ ಸರಿಯಾಗಿ ಕೆಲಸ ಮಾಡುತ್ತಿಲ್ಲವಂತೆ, ಹೀಗೇ ಆದರೆ ಓದು ಮುಗಿಯದೆ ವಾಪಸು ಹೋಗಬೇಕಂತೆ ಎಂದು ನಾನು ಹೇಳಿದೆ. ಮಾರನೆಯ ದಿನದಿಂದ ಗ್ರಾಫಿನ ಹಳ್ಳ ಇನ್ನೂ ಆಳವಾಯಿತು.

ಒಂದು ಮಧ್ಯಾಹ್ನ ಊಟದ ಹೊತ್ತಾದರೂ ಅಮ್ಮ ಬರಲಿಲ್ಲವೆಂದು ಕೊಡೆ ಹಿಡಿದು ಹೊಲಕ್ಕೆ ಹೋದೆ. ಬೇಲಿಯ ಆಚೆ ಕಣ್ಣು ಕುಕ್ಕುವ ಹಾಗೆ ಗಾಜು ಹೊಳೆಯುತ್ತಿತ್ತು. ಈಚೆ ಅಮ್ಮ ಕಂಬದ ಮುಂದೆ ನಿಂತಿದ್ದಳು. ಬಿಂದಿಗೆಯಿಂದ ನೀರು ಹುಯ್ದು ನೆನೆಸಿದ ಗೋಣಿಚೀಲವನ್ನು ಪೆಟ್ಟಿಗೆಯ ಮೇಲೆ ಹೊದಿಸಿ, ಹಸುಗೂಸಿಗೆ ಕುಲಾವಿ ಕಟ್ಟುವ ಹಾಗೆ ಅಂಚುಗಳನ್ನು ಮೆಲ್ಲಗೆ ಒಳಗೆ ಸಿಕ್ಕಿಸುತ್ತಿದ್ದಳು.

ನನಗೆ ನಗು ಬಂತು, ಕೋಪವೂ ಬಂತು. ಏನಮ್ಮಾ ಇದು ಎಂದೆ.

"ಯಾರೋ ಹೆತ್ತ ಮಗೀನ ಸಾಮಾನು ಕಣೆ. ಈ ಬಿಸ್ಲಿಗೆ ಒಡೆದೋದ್ರೆ ಅವ್ರಮ್ಮಂಗೆ ನಾನೇನು ಹೇಳ್ಲಿ? ದಿನಕ್ಕೆ ಒಂದಪ ನೆನೆಸ್ತಿದ್ದೆ. ನೀನು ಕೆಟ್ಟೈತೆ ಅಂದ್ಮೇಲೆ ಎರಡಪ ನೆನೆಸ್ತಾ ಇವ್ನಿ."

ಸಂಜೆ ತಂಪಾದ ಮೇಲೆ ಗೋಣಿ ತೆಗೆದುಬಿಡುತ್ತಿದ್ದಳಂತೆ, ರಾತ್ರಿ ಗಾಳಿ ಆಡಲಿ ಎಂದು. ಅಲ್ಮಾಜ್ ಹೊಲಕ್ಕೆ ಹೋಗುತ್ತಿದ್ದುದು ಬೆಳಿಗ್ಗೆ ಮತ್ತು ಮುಸ್ಸಂಜೆ. ನಡುಮಧ್ಯಾಹ್ನ ಹೊರಗೆ ಹೋದರೆ ತಲೆ ತಿರುಗುತ್ತದೆ ಎಂದು ಅವಳನ್ನು ಮನೆಯೊಳಗೆ ಕೂರಿಸಿದವಳೂ ಅಮ್ಮನೇ. ನಮಗೆ ಯಾಕೆ ಹೇಳಲಿಲ್ಲ ಎಂದರೆ, ಮಡಕೆಗೆ ನೀರು ಚಿಮುಕಿಸಿದ್ದನ್ನ ಯಾರಾದ್ರೂ ಹೇಳ್ಕೊಂಡು ತಿರುಗ್ತಾರಾ ಎಂದು ನನ್ನನ್ನೇ ಕೇಳಿದಳು.

ಸಾಯಂಕಾಲ ಅಲ್ಮಾಜಳಿಗೆ ನಾನೇ ಹೇಳಿದೆ. ಬಾಗಿಲ ಹತ್ತಿರ ಅಮ್ಮ ಗೋಣಿಯನ್ನು ಎದೆಗವಚಿಕೊಂಡು ನಿಂತಿದ್ದಳು. ಅಲ್ಮಾಜ್ ಮುಖದ ಮೇಲೆ ಕೈಯಿಟ್ಟುಕೊಂಡು ಕೂತಳು. ಅಷ್ಟು ದಿನಗಳ ಅಳತೆ ಹಾಳಾಗಿತ್ತು, ಮತ್ತೆ ಮೊದಲಿನಿಂದ ಅಳೆಯಲು ಬೇಸಿಗೆ ಉಳಿದಿರಲಿಲ್ಲ. "ಕೆಡಿಸ್ಬುಟ್ನಾ?" ಎಂದು ಅಮ್ಮ ಕೇಳಿದಳು. ಅಮ್ಮನ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ನಾಲಿಗೆ ಕಚ್ಚಿಕೊಂಡೆ, ಯಾಕಾದರೂ ಅವಳ ಮುಂದೆಯೇ ಹೇಳಿದೆನೋ ಎನಿಸಿತು.

ಸ್ವಲ್ಪ ಹೊತ್ತಾದ ಮೇಲೆ ಅಲ್ಮಾಜ್ ತಲೆಯೆತ್ತಿ, ಗೋಣಿ ಹಾಕದ ದಿನ ಯಾವುದಾದರೂ ಇತ್ತಾ ಎಂದು ಕೇಳಿದಳು. ಅಮ್ಮ ಯೋಚಿಸಿದಳು. ಮಧುಗಿರಿಯಲ್ಲಿ ನಮ್ಮ ಚಿಕ್ಕಪ್ಪನ ಮಗಳ ಮದುವೆ ಇತ್ತಲ್ಲ, ಹಿಂದಿನ ದಿನವೇ ಹೊರಟು ಧಾರೆ ಮುಗಿಸಿ ಬಂದಿದ್ದೆವಲ್ಲ, ಆಗ ಹಾಕಲಿಲ್ಲ ಎಂದಳು. ಅಲ್ಮಾಜ್ ಎದ್ದು ಲ್ಯಾಪ್‌ಟಾಪ್ ತೆರೆದಳು. ಅವಳು ಕೆಟ್ಟದ್ದೆಂದು ಎತ್ತಿಟ್ಟಿದ್ದ ಎರಡು ದಿನಗಳು ಅವೇ.

ಅಂದರೆ ಲೆಕ್ಕ ಮೊದಲಿನಿಂದಲೂ ಸರಿಯಾಗಿಯೇ ಇತ್ತು. ಆದರೆ ಎರಡು ದಿನ ಹಿಡಿದುಕೊಂಡು ಪದವಿ ಕೇಳಲಾಗುತ್ತದೆಯೇ? ಆಗ ಅವಳು ಮಾಡಿದ್ದನ್ನು ನೆನೆದರೆ ಈಗಲೂ ನನಗೆ ಬೆರಗು. ಗೋಣಿಯನ್ನೇ ಲೆಕ್ಕದೊಳಗೆ ಸೇರಿಸಿದಳು. ಹುಣಸೆಮರ ಬಂದ ಹಾಗೆ ಅದೂ ಬಂತು. ಗೋಣಿ ಎಷ್ಟು ನೀರು ಹಿಡಿಯುತ್ತದೆ ಎಂದು ತಿಳಿಯಲು ನಾವಿಬ್ಬರೂ ಅದನ್ನು ಒಣಗಿದಾಗ ಒಮ್ಮೆ, ನೆನೆಸಿ ಒಮ್ಮೆ ಕಿರಾಣಿ ಅಂಗಡಿಗೆ ಒಯ್ದು ತೂಗಿಸಿದೆವು. ಖಾಲಿ ಚೀಲ ತೂಗುವ ಮೇಡಂ ಎಂದು ನನಗೆ ಊರಿನಲ್ಲಿ ಒಂದಷ್ಟು ದಿನ ಹೆಸರಿತ್ತು. ಎಷ್ಟು ಹೊತ್ತಿಗೆ ಹಾಕುತ್ತಿದ್ದೆ ಎಂದರೆ ಅಮ್ಮ ಒಂದು ಸಲ ಹೇಳಿದ ಹಾಗೆ ಇನ್ನೊಂದು ಸಲ ಹೇಳುತ್ತಿರಲಿಲ್ಲ. ಕೊನೆಗೆ ಗೆರೆ ಕುಸಿದ ಜಾಗ ನೋಡಿ ನಾವೇ ಅಮ್ಮನಿಗೆ ಹೇಳಿದೆವು.

ಹೊಸ ಲೆಕ್ಕ ಮುಗಿದು ತೆರೆಯ ಮೇಲೆ ಎರಡು ಗೆರೆ ಬಂದವು. ಒಂದು ಪೆಟ್ಟಿಗೆ ಅಳೆದದ್ದು, ಒಂದು ಕಂಪ್ಯೂಟರ್ ಹೇಳಿದ್ದು. ಎರಡೂ ಒಟ್ಟಿಗೆ ಏರಿ, ಒಟ್ಟಿಗೆ ಇಳಿದು, ಒಟ್ಟಿಗೆ ಎದ್ದವು. ಅಮ್ಮ ಕನ್ನಡಕ ಏರಿಸಿ ಹತ್ತಿರ ಬಂದು ಆ ತಗ್ಗಿನ ಮೇಲೆ ಬೆರಳಿಟ್ಟಳು.

"ಇಲ್ಲಿ ಇಳಿದೈತಲ್ಲ, ಇದು ನಾನಾ?"

"ಹೌದಮ್ಮ," ಎಂದಳು ಅಲ್ಮಾಜ್, "ಇದು ನೀವು."

ಅಮ್ಮ ಬೆರಳು ತೆಗೆಯಲೇ ಇಲ್ಲ. ಹೊಲ ಗಾಜಿನಡಿಗೆ ಹೋದ ಮೇಲೆ ಅಲ್ಲಿ ಅವಳದೆಂಬ ಗುರುತು ಕಂಡದ್ದು ಅದೇ ಮೊದಲು. ನನ್ನ ಕಣ್ಣು ತುಂಬಿತು, ಸುಳ್ಳು ಹೇಳುವುದಿಲ್ಲ.

ಉಳಿದ ಕೆಲವು ದಿನ ಪೆಟ್ಟಿಗೆ ಬರಿಮೈಯಲ್ಲಿರಬೇಕಿತ್ತು. ಬೇರೆ ಯಾರೂ ಅದಕ್ಕೆ ಏನೂ ಹೊದಿಸದ ಹಾಗೆ ಕಾಯುವ ಕೆಲಸವನ್ನು ಅಲ್ಮಾಜ್ ಅಮ್ಮನಿಗೇ ವಹಿಸಿದಳು. ಅಮ್ಮ ಹುಣಸೆಮರದ ಕೆಳಗೆ ಕೂತು, ಪಾಪಮು, ಹೆಂಗೆ ಕಾಯ್ತಾ ಐತೆ ನೋಡು ಎಂದು ಪೆಟ್ಟಿಗೆಯ ಮೇಲೆ ಮರುಗುತ್ತಲೇ ಕಾದಳು. ಅಲ್ಮಾಜಳ ಮೇಷ್ಟರು ಇದನ್ನೆಲ್ಲ ಫೋನಿನಲ್ಲಿ ಕೇಳಿಸಿಕೊಂಡು, ಗೋಣಿಯ ಅಳತೆ ಎಷ್ಟು ಎಂದು ಕೇಳಿದರಂತೆ. ಪ್ರಬಂಧದಲ್ಲಿ ಅದಕ್ಕೊಂದು ಅಧ್ಯಾಯವೇ ಆಯಿತು. ಪದವಿ ಬಂತು. ಟೀ ಅಂಗಡಿಯ ತೀರ್ಪು? ಹಗಲು ಒಂದು ಥರ, ರಾತ್ರಿ ಇನ್ನೊಂದು ಥರ ಎಂದಳು ಅಲ್ಮಾಜ್. ಎರಡೂ ಪಕ್ಷದವರು ತಾವೇ ಗೆದ್ದೆವೆಂದು ಈಗಲೂ ವಾದ ಮಾಡುತ್ತಾರೆ.

ನನ್ನಲ್ಲೂ ಒಂದು ಬದಲಾವಣೆ ಆಯಿತೆನ್ನಿ. ಮಕ್ಕಳ ಗ್ರಾಫಿನಲ್ಲಿ ಗೆರೆಯಿಂದ ಹೊರಗೆ ಬಿದ್ದ ಚುಕ್ಕೆಗೆ ಮೊದಲೆಲ್ಲ ಕಣ್ಣು ಮುಚ್ಚಿ ಕೆಂಪು ಸುತ್ತು ಹಾಕುತ್ತಿದ್ದೆ. ಈಗ ಪೆನ್ನು ಕೆಳಗಿಟ್ಟು, ಆಗ ಅಲ್ಲಿ ಯಾರಿದ್ದರು ಎಂದು ಕೇಳುತ್ತೇನೆ.

ಇನ್ನು ಇವತ್ತಿನ ಮೆಸೇಜು. ಅಲ್ಮಾಜ್ ಈಗ ತನ್ನೂರಿನ ಕಾಲೇಜಿನಲ್ಲಿ ಇದೇ ಲೆಕ್ಕವನ್ನು ಕಲಿಸುತ್ತಾಳೆ. ಅವಳ ವಿದ್ಯಾರ್ಥಿಗಳು ಅಲ್ಲಿನ ಹಳ್ಳಿಗಳ ಹೊಲಗಳಲ್ಲಿ ಅಂಥದ್ದೇ ಪೆಟ್ಟಿಗೆಗಳನ್ನು ನಿಲ್ಲಿಸಿದ್ದಾರಂತೆ. ಅದರಲ್ಲಿ ಒಂದು ಪೆಟ್ಟಿಗೆ ದಿನಾ ಮಧ್ಯಾಹ್ನ ತಣ್ಣಗಾಗುತ್ತಿದೆಯಂತೆ. ಪ್ರೋಗ್ರಾಮಿನಲ್ಲಿ ತಪ್ಪಿದೆ ಎಂದು ಅವರು ತಲೆ ಕೆಡಿಸಿಕೊಂಡು ಕೂತಿದ್ದಾರೆ, ಮುಟ್ಟಬೇಡಿ ಎಂದು ಹೇಳಿದ್ದೇನೆ, ನಾಳೆ ನಡುಮಧ್ಯಾಹ್ನ ನಾನೇ ಆ ಹೊಲಕ್ಕೆ ಹೋಗುತ್ತಿದ್ದೇನೆ, ಅಮ್ಮನಿಗೆ ತಿಳಿಸಿ ಎಂದು ನಗುತ್ತಾ ಹೇಳಿದ್ದಳು.

ಅಮ್ಮನಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಅವಳು ಮಡಕೆಯ ಗೋಣಿಯ ಮೇಲೆ ಕೈಯಿಟ್ಟುಕೊಂಡೇ ಕೇಳಿಸಿಕೊಂಡಳು. ಏನಾದರೂ ಹೇಳುತ್ತೀಯಾ ಎಂದು ಫೋನನ್ನು ಅವಳ ಬಾಯಿಯ ಹತ್ತಿರ ಹಿಡಿದೆ. ದೂರದವರಿಗೆ ಕೇಳಿಸಲಿ ಎಂದು ಸ್ವಲ್ಪ ಜೋರಾಗಿಯೇ ಹೇಳಿದಳು:

"ಅಲ್ಮಾಜಮ್ಮಾ, ಹೋಗು, ಹೋಗಿ ನೋಡು. ಆದ್ರೆ ಆಯಮ್ಮನ್ನ ಏನೂ ಅನ್ಬ್ಯಾಡ ಕಣವ್ವಾ."