ಮೂರನೆಯ ಸಲ ಕೇಳಿದರೆ

ನಮ್ಮ ಲೂರ್ದ್ ಬಾಯಮ್ಮನಿಗೆ ಏನೇ ಕೊಡಿ, ಮೊದಲು ಬರುವ ಮಾತು ‘ಬೇಡ’. ಹಸಿದು ಕಣ್ಣು ಕತ್ತಲೆ ಬರುತ್ತಿದ್ದರೂ ಬೇಡ. ಬರ್ ದುಬೈಯ ಒಂದೇ ಕಟ್ಟಡದಲ್ಲಿ ನಮ್ಮಿಬ್ಬರದು ಎದುರುಬದುರು ಬಾಗಿಲು. ಅವರು ಆಸ್ಪತ್ರೆಯ ರಿಸೆಪ್ಶನ್ನಿನಲ್ಲಿ, ನಾನು, ಅಂದರೆ ಸ್ವರ್ಣಲತಾ, ಬಟ್ಟೆ ಅಂಗಡಿಯೊಂದರ ಲೆಕ್ಕದ ಕೆಲಸದಲ್ಲಿ. ಮೊದಲ ಸಲ ನಾನು ಮೂಡೆ ಕಡುಬು ಮಾಡಿ ಕೊಂಡುಹೋದಾಗ, ಈಗಷ್ಟೇ ಊಟ ಆಯಿತು, ಬೇಡವೇ ಬೇಡ ಎಂದರು. ನಾನು ಉಡುಪಿಯವಳು, ಈ ಆಟವೆಲ್ಲ ಗೊತ್ತಿಲ್ಲದ್ದೇ? ಮತ್ತೆ ಕೇಳಿದೆ, ಮತ್ತೂ ಕೇಳಿದೆ. ಮೂರನೆಯ ಸಲಕ್ಕೆ ತಟ್ಟೆ ಖಾಲಿ.

ಮೊದಲ ಸಲಕ್ಕೇ ಕೈ ಚಾಚುವುದು ಆಸೆಬುರುಕತನ ಎಂದು ಅವರ ಅಜ್ಜಿ ಕಲಿಸಿದ್ದರಂತೆ. ಊರಿನಲ್ಲಾದರೆ ಸರಿ, ಕೇಳುವವರಿಗೂ ಹೇಳುವವರಿಗೂ ಅಭ್ಯಾಸವಿರುತ್ತದೆ. ದುಬೈಯಲ್ಲಿ ಯಾರಿಗೆ ಪುರುಸೊತ್ತು? ಹಿಂದೊಮ್ಮೆ ಆಸ್ಪತ್ರೆಯವರು ಸೂಪರ್‌ವೈಸರ್ ಆಗುತ್ತೀರಾ ಎಂದು ಕೇಳಿದಾಗ ಬಾಯಮ್ಮ, ಅಯ್ಯೋ ನನ್ನಿಂದ ಎಲ್ಲಿ ಆಗುತ್ತದೆ ಎಂದರು. ಮ್ಯಾನೇಜರ್ ‘ಖಲಾಸ್’ ಎಂದು ಆ ಹುದ್ದೆಯನ್ನು ಬೇರೆಯವರಿಗೆ ಕೊಟ್ಟುಬಿಟ್ಟ. ಅವನು ಇನ್ನೊಮ್ಮೆ ಕೇಳಲು ಬಂದಾನು ಎಂದು ಇವರು ವಾರವಿಡೀ ಕಾದರು. ಇಂಥದ್ದು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ನಾನೋ, ಯಾರಾದರೂ ಕೇಳುವ ಮೊದಲೇ ಹೂಂ ಎನ್ನುವವಳು.

ಇಂಥ ಬಾಯಮ್ಮ ಐರಿಷ್ ಕಥೆಗಳ ತರಗತಿಗೆ ಸೇರಿದ್ದು ಮಗಳು ಸ್ಟೇಸಿಯಿಂದಾಗಿ. ಸ್ಟೇಸಿ ಹುಟ್ಟಿ ಬೆಳೆದದ್ದು ಇಲ್ಲೇ. ಕಂಪನಿಗಳ ಕಾರ್ಯಕ್ರಮಗಳನ್ನು ನಡೆಸಿಕೊಡುವುದು ಅವಳ ಕೆಲಸ. ಐರ್ಲೆಂಡಿನ ನಿವೃತ್ತ ಟೀಚರ್ ನೋರಾ ಎಂಬವರು ಶನಿವಾರ ಸಂಜೆ ಶಾಲೆಯೊಂದರ ಲೈಬ್ರರಿಯಲ್ಲಿ ದೊಡ್ಡವರಿಗೆ ತಮ್ಮ ನಾಡಿನ ಕಥೆ, ಹಾಡು ಕಲಿಸುತ್ತಾರೆ, ಫೀಸಿಲ್ಲ, ಯಾವ ದೇಶದವರೂ ಬರಬಹುದು ಎಂದು ತಿಳಿದುಕೊಂಡು ಬಂದು ನಮ್ಮಿಬ್ಬರನ್ನೂ ಅವಳೇ ದೂಡಿ ಕಳಿಸಿದಳು. ನಾನು ಹೋದದ್ದು ಎಸಿ ಮತ್ತು ಬಿಸ್ಕತ್ತಿಗೆ. ಸುಳ್ಳು ಯಾಕೆ ಹೇಳಲಿ.

ಮೊದಲ ದಿನವೇ ನೋರಾ ಚಹಾ ಹಿಡಿದು ಬಂದರು. ಬಾಯಮ್ಮ ಬೇಡ ಎಂದರು. ಹೋಯಿತು ಚಹಾ ಎಂದುಕೊಂಡೆ. ಆದರೆ ಆ ಹೆಂಗಸು ನಿಂತಲ್ಲಿಂದ ಕದಲಲಿಲ್ಲ. ಒಂದು ಗುಟುಕಾದರೂ ಕುಡಿಯಿರಿ ಎಂದರು. ನಿಮಗೆ ಸುಮ್ಮನೆ ತೊಂದರೆ ಎಂದರು ಇವರು. ನೀರು ಹೇಗೂ ಕುದಿದಾಗಿದೆ, ಇನ್ನೇನು ತೊಂದರೆ ಎಂದರು ಅವರು. ಬಾಯಮ್ಮ ಕಪ್ಪು ತೆಗೆದುಕೊಂಡರು, ಜೊತೆಗೆ ಬಿಸ್ಕತ್ತನ್ನೂ. ಒಂದೇ ಸಲಕ್ಕೆ ಚಹಾಕ್ಕೆ ಹೂಂ ಎಂದವರನ್ನು ನೋರಾ ಅವರ ಹಳ್ಳಿಯಲ್ಲೂ ಒಂದು ಥರ ನೋಡುತ್ತಾರಂತೆ. ಒಂದೇ ಸಲ ಕೇಳಿ ಸುಮ್ಮನಾದವರನ್ನು ಇನ್ನೂ ಒಂದು ಥರ. ಮನೆಗೆ ನಡೆದು ಬರುವಾಗ ಬಾಯಮ್ಮನ ಮುಖ ಅರಳಿತ್ತು.

“ಇವರು ನಮ್ಮವರೇ ಸ್ವರ್ಣ, ಬಣ್ಣ ಮಾತ್ರ ಬೇರೆ,” ಎಂದರು.

ಅಲ್ಲಿಂದ ಮುಂದೆ ಶನಿವಾರ ಬಂತೆಂದರೆ ಅವರನ್ನು ಹಿಡಿಯುವವರಿಲ್ಲ. ಚಳಿಗಾಲದಲ್ಲಿ ಊರವರೆಲ್ಲ ಒಂದು ಮನೆಯ ಬೆಂಕಿಯ ಸುತ್ತ ಕೂತು ಕಥೆ ಕೇಳುತ್ತಿದ್ದದ್ದು, ಶಾಲೆಯಲ್ಲಿ ತಮ್ಮ ಐರಿಷ್ ಮಾತು ಆಡಿದರೆ ಪೆಟ್ಟು ತಿನ್ನುವ ಕಾಲದಲ್ಲೂ ಆ ಮಾತು ಕಥೆಗಳಲ್ಲಿ ಉಳಿದುಕೊಂಡದ್ದು, ಎಲ್ಲವನ್ನೂ ನೋರಾ ಹೇಳುತ್ತಿದ್ದರು. ಬಾಯಮ್ಮನ ಅಜ್ಜಿಯೂ ಸಂಜೆಯ ಜಪಮಾಲೆ ಮುಗಿದ ಮೇಲೆ ಕೊಂಕಣಿಯಲ್ಲಿ ಕಥೆ ಹೇಳುತ್ತಿದ್ದವರು. ಒಂದು ದಿನ ನೋರಾ, ನಿಮ್ಮ ಮನೆಯ ಕಥೆಯೊಂದನ್ನು ಹೇಳಿ ಎಂದು ಮೂರು ಸಲ ಕೇಳಿದ ಮೇಲೆ, ಇವರು ಅಜ್ಜಿಯ ಏಡಿಯ ಕಥೆ ಶುರು ಮಾಡಿದರು. ಅರ್ಧಕ್ಕೆ ಬರುವಷ್ಟರಲ್ಲಿ ವಾಚ್‌ಮನ್ ಬಂದು ಲೈಬ್ರರಿ ಮುಚ್ಚಬೇಕು ಎಂದ. ಉಳಿದರ್ಧ ಅವರ ಹೊಟ್ಟೆಯಲ್ಲೇ ಉಳಿಯಿತು.

ಮಾರ್ಚಿನಲ್ಲಿ ಅಬುಧಾಬಿಯಲ್ಲಿ ಐರಿಷ್ ಕುಟುಂಬಗಳ ಹಬ್ಬದ ಕೂಟ. ನಮ್ಮ ತರಗತಿಯಿಂದ ಒಬ್ಬರು ಅಲ್ಲಿ ಕಥೆ ಹೇಳಬೇಕಿತ್ತು. ಆ ಒಬ್ಬರು ತಾನಾಗಬೇಕೆಂದು ಬಾಯಮ್ಮನಿಗೆ ಎಷ್ಟು ಆಸೆಯಿತ್ತೆಂದರೆ, ನನಗೆ ಗೊತ್ತಾಗಬಾರದೆಂದು ನನ್ನ ಅಂಗಡಿಯನ್ನು ಬಿಟ್ಟು ನೈಫ್ ಪೇಟೆಗೆ ಹೋಗಿ ಆ ಹಬ್ಬದ ಬಣ್ಣವಾದ ಹಸಿರಿನ ಸೀರೆ ತಂದರು. ವಾಷಿಂಗ್ ಮೆಷಿನ್ನಿನ ಎದುರು ನಿಂತು ಏಡಿಯ ಕಥೆಯನ್ನು ಇಂಗ್ಲಿಷಿನಲ್ಲಿ ಅಭ್ಯಾಸ ಮಾಡುವುದು ನನ್ನ ಬಾಗಿಲಿಗೇ ಕೇಳಿಸುತ್ತಿತ್ತು.

ಅಷ್ಟರಲ್ಲಿ ನೋರಾ ತಮ್ಮನ ಮಗಳ ಮದುವೆಗೆಂದು ಊರಿಗೆ ಹೊರಟರು. ಹೋಗುವಾಗ ಕೂಟದ ತಯಾರಿಯನ್ನು ಸ್ಟೇಸಿಗೆ ಒಪ್ಪಿಸಿದರು. ಸ್ಟೇಸಿ ಮೊದಲು ಕೇಳಿದ್ದು ತಾಯಿಯನ್ನೇ.

“ಮಮ್ಮಿ, ಅಬುಧಾಬಿಯಲ್ಲಿ ಸ್ಟೋರಿ ಹೇಳ್ತೀಯಾ?”

“ನನ್ನಿಂದ ಎಲ್ಲಿ ಆಗ್ತದೆ? ಬೇರೆ ಯಾರಾದ್ರೂ ಹೇಳ್ಲಿ.”

“ಓಕೆ ಮಮ್ಮಿ, ನೋ ಪ್ರೆಶರ್.”

ಅಷ್ಟೇ. ಅದೇ ದಿನ ನಮ್ಮ ತರಗತಿಗೆ ಬರುತ್ತಿದ್ದ, ಬ್ಯಾಂಕಿನಲ್ಲಿ ಕೆಲಸ ಮಾಡುವ ನೆವಿಲ್‌ಗೆ ಹೇಳಿ ಮುಗಿಸಿದಳು. ಹುಡುಗಿ ಕೆಟ್ಟವಳಲ್ಲ. ಬೇಡ ಎಂದವರನ್ನು ಒತ್ತಾಯಿಸುವುದು ಅವಳ ಪಾಲಿಗೆ ಅಮರ್ಯಾದೆ. ಬಾಯಮ್ಮ ಮಾತ್ರ ನಮ್ಮ ಮನೆಗೆ ಬಂದು, ಸೋಫಾದಲ್ಲಿ ಕೂತು, ಸಿಟ್ಟಿನಲ್ಲಿ ಅತ್ತುಬಿಟ್ಟರು. ಈಗಲೇ ಸ್ಟೇಸಿಗೆ ಫೋನ್ ಮಾಡುತ್ತೇನೆ ಎಂದು ನಾನು ಎದ್ದೆ. ಅವರು ಕೈ ಹಿಡಿದು ಕೂರಿಸಿ ಆಣೆ ಹಾಕಿಸಿದರು.

“ಬಾಯಿ ಬಿಟ್ಟು ಕೇಳಿ ತಗೊಂಡ್ರೆ ಅದಕ್ಕೆಂತ ಬೆಲೆ ಉಂಟು ಮಾರಾಯ್ತಿ?”

ಆದರೂ ಕೂಟದ ಭಾನುವಾರ ಹಸಿರು ಸೀರೆಯನ್ನೇ ಉಟ್ಟರು. ಅಬುಧಾಬಿಯ ಆ ಹಾಲ್ ತುಂಬ ಮಕ್ಕಳು, ಪಿಟೀಲು, ನಗು. ಹಿಂದಿನ ದಿನವಷ್ಟೇ ಮರಳಿದ್ದ ನೋರಾ ವೇದಿಕೆಯಲ್ಲಿದ್ದರು. ನೆವಿಲ್ ಐರ್ಲೆಂಡಿನ ಮೀನುಗಾರರ ಕಥೆಯೊಂದನ್ನು ಚೆನ್ನಾಗಿಯೇ ಹೇಳಿದ. ಚಪ್ಪಾಳೆಯಾಯಿತು. ಬಾಯಮ್ಮ ಸೆರಗಿನ ಅಂಚನ್ನು ಮಡಚುತ್ತಾ ಕೂತಿದ್ದರು. ಆಗ ನೋರಾ ಮೈಕಿನಲ್ಲೇ, ಲೂರ್ದ್, ನೀವು ಒಂದು ಹೇಳುತ್ತೀರಲ್ಲವೇ ಎಂದು ಕರೆದರು.

ಬಾಯಮ್ಮ ಎರಡೂ ಕೈ ಆಡಿಸಿ ಬೇಡ ಎಂದರು.

ಓಹೋ, ಹೇಳಿಯೇ ಹೇಳುತ್ತೀರಿ ಎಂದರು ನೋರಾ. ಇವರು ಗಂಟಲು ಮುಟ್ಟಿ ಕೆಮ್ಮಿ ತೋರಿಸಿದರು. ನನ್ನ ಪಕ್ಕದಲ್ಲಿದ್ದ ಸ್ಟೇಸಿ ಕೆಂಪಾಗಿ ಅರ್ಧ ಎದ್ದು ನಿಂತಳು.

“ಆಂಟಿ, ಮಮ್ಮಿ ಆಲ್ರೆಡಿ ಬೇಡ ಅಂದಿದ್ದಾರೆ. ವೈ ಈಸ್ ಶೀ ಫೋರ್ಸಿಂಗ್ ಹರ್? ನಾನು ಹೋಗಿ ಹೇಳ್ತೇನೆ.”

ಅವಳ ಮಣಿಕಟ್ಟು ಹಿಡಿದೆ. “ಸುಮ್ನೆ ಕೂತ್ಕೊ. ಇದು ಎರಡನೇದ್ದು.”

ನೋರಾ ಪಿಟೀಲಿನವರ ಕಡೆ ತಿರುಗಿದರು. ಮದುವೆಯ ಗಡಿಬಿಡಿಯಲ್ಲಿ ಇವರಿಗೂ ಮರೆತುಹೋಯಿತೇ? ಬಾಯಮ್ಮನ ಕೈ ಸೆರಗಿನ ಮೇಲೆ ಹಾಗೇ ನಿಂತಿತ್ತು. ಪಿಟೀಲಿನವರಿಗೆ ಸ್ವಲ್ಪ ತಾಳಿ ಎಂದು ಸನ್ನೆ ಮಾಡಿ ನೋರಾ ಮತ್ತೆ ಈ ಕಡೆ ನೋಡಿದರು. ಒಂದೇ ಒಂದು, ಚಿಕ್ಕದು ಎಂದರು.

ಚಿಕ್ಕದಾದರೆ ಸರಿ ಎನ್ನುತ್ತಾ ಬಾಯಮ್ಮ ಎದ್ದರು. ಚಿಕ್ಕದಂತೆ! ಮೈಕ್ ಹಿಡಿದವರು ಬಿಡಲೇ ಇಲ್ಲ. ಇಗರ್ಜಿಯ ಹಬ್ಬಕ್ಕೆಂದು ಹೊರಟ ಏಡಿ, ನೇರ ನಡೆಯಲು ಬಾರದೆ, ವರ್ಷ ವರ್ಷವೂ ಮೀನು ಮಾರ್ಕೆಟ್ಟಿಗೇ ಹೋಗಿ ಮುಟ್ಟುತ್ತದೆ. ಮೀನಿನ ಹೆಂಗಸರು ಬುಟ್ಟಿ ಹಿಡಿದು ಅಟ್ಟಿಸಿಕೊಂಡು ಬರುತ್ತಾರೆ. ಬಾಯಮ್ಮ ಹಸಿರು ಸೀರೆಯಲ್ಲಿ ವೇದಿಕೆಯ ಈ ತುದಿಯಿಂದ ಆ ತುದಿಗೆ ಅಡ್ಡಡ್ಡ ಓಡಿದರು. ಮಕ್ಕಳು ಕುರ್ಚಿಯಿಂದಿಳಿದು ತಾವೂ ಅಡ್ಡ ನಡೆದರು. ಕಡೆಗೊಂದು ವರ್ಷ ಏಡಿ ಇಗರ್ಜಿಗೆ ಮುಖವನ್ನೇ ಕೊಡದೆ, ಪಕ್ಕಕ್ಕೆ ತಿರುಗಿ ನಿಂತು ಹೊರಟಿತು, ಹೊರಟದ್ದು ನೆಟ್ಟಗೆ ಚರ್ಚಿನೊಳಗಿನ ಪೀಠದ ಮುಂದೆಯೇ ನಿಂತಿತು. ಹಾಲ್‌ಗೆ ಹಾಲೇ ಎದ್ದು ಚಪ್ಪಾಳೆ ತಟ್ಟಿತು. ನನಗೆ ಹೆಮ್ಮೆಯಿಂದ ಕಣ್ಣು ತುಂಬಿತು.

ಸ್ಟೇಸಿ ಚಪ್ಪಾಳೆ ತಟ್ಟಲಿಲ್ಲ. ತಾಯಿಯನ್ನೇ ನೋಡುತ್ತಾ ಕೂತಿದ್ದಳು.

ಮರಳುವಾಗ ಕಾರನ್ನು ಅವಳೇ ಓಡಿಸಿದಳು. ತುಂಬ ದೂರ ಬಂದ ಮೇಲೆ, ಈ ಕಥೆ ನನಗ್ಯಾಕೆ ಹೇಳಲಿಲ್ಲ ಎಂದು ಕೇಳಿದಳು. ನೀನು ಕೇಳಲಿಲ್ಲ ಎಂದರು ಬಾಯಮ್ಮ.

“ಕೇಳಿದ್ದೆ ಮಮ್ಮಿ. ಸ್ಕೂಲಿಗೆ ಹೋಗ್ತಿದ್ದಾಗ. ಟಯರ್ಡ್, ಈಗ ಬೇಡ ಅಂದಿದ್ದೆ ನೀನು.”

“ಒಂದೇ ಸಲ ಕೇಳಿದ್ದಿ,” ಎಂದರು ಬಾಯಮ್ಮ, ಮೆಲ್ಲಗೆ.

ಆಮೇಲೆ ಸ್ಟೇಸಿ, ನಿನ್ನ ಅಜ್ಜಿಯದ್ದು ಇನ್ನೊಂದು ಕಥೆ ಹೇಳು ಎಂದಳು. ಗಂಟಲು ಒಣಗಿದೆ ಎಂದರು ಬಾಯಮ್ಮ. ಸ್ಟೇಸಿ ನೀರಿನ ಬಾಟಲಿ ಹಿಂದಕ್ಕೆ ಕೊಟ್ಟು, ಹೇಳು ಮಮ್ಮಿ ಎಂದಳು. ಮನೆ ಹತ್ತಿರ ಬಂತು, ಈಗ ಯಾಕೆ ಎಂದರು ಬಾಯಮ್ಮ. ನಾನು ಕಿಟಕಿಯ ಹೊರಗೆ ನೋಡುತ್ತಾ ಮನಸ್ಸಿನಲ್ಲೇ ಎರಡು ಎಂದು ಎಣಿಸಿದೆ.

“ಒಂದೇ ಒಂದು, ಮಮ್ಮಿ. ಚಿಕ್ಕದು.”

ಮನೆಗೆ ಇನ್ನೂ ಅರ್ಧ ಗಂಟೆಯ ದಾರಿಯಿರುವಾಗಲೇ ಸಿಗುವ ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಬೋರ್ಡು ಕಾಣಿಸುವ ಹೊತ್ತಿಗೆ ಬಾಯಮ್ಮ ಶುರು ಮಾಡಿಯಾಗಿತ್ತು. ಸ್ಟೇಸಿ ಬಲಗಡೆಯ ನಿಧಾನದ ಲೇನಿಗೆ ಸರಿದಳು.