ಗಲ್ಲಾದ ತಂತಿಗೆ ಚುಚ್ಚಿದ ಗುಟ್ಟು

ಎಂಬತ್ತರ ದಶಕ ಮುಗಿದು ತೊಂಬತ್ತು ಶುರುವಾದ ಆ ವರ್ಷಗಳಲ್ಲಿ ನಾನು ಏನು ಕೆಲಸ ಮಾಡುತ್ತಿದ್ದೆ ಎಂಬುದು ಕಾಂದಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಪ್ಪ ಅಕ್ಕಪಕ್ಕದವರಿಗೆಲ್ಲ ‘ಮಲೇರಿಯಾ ಆಫೀಸು’ ಎಂದು ಹೇಳಿದ್ದರು. ಸೊಳ್ಳೆ ಮರ್ಯಾದಸ್ಥ ಪ್ರಾಣಿ. ಅದು ಎಂಥವರ ಮನೆಗೂ ಬರಬಹುದು. ನಾನು ನಿಜವಾಗಿ ಮಾಡುತ್ತಿದ್ದದ್ದು ಬೇರೆ. ಗ್ರಾಂಟ್ ರೋಡ್ ಸೇತುವೆಯ ಕೆಳಗೆ ಗರ್ದ್ ಎಂಬ ಅಗ್ಗದ ಹೆರಾಯಿನ್ ಸೇದುವ, ಸೂಜಿ ಚುಚ್ಚಿಕೊಳ್ಳುವ ಗಂಡಸರ ಎದುರು ಕೂತು, ಎಚ್‌ಐವಿ ಸಂಶೋಧನೆಯ ಪ್ರಶ್ನೆಗಳನ್ನು ಕೇಳಿ, ಫಾರಂ ತುಂಬಿ, ನರ್ಸ್ ರಕ್ತ ತೆಗೆದು ಮುಗಿಸುವವರೆಗೆ ಪಕ್ಕದಲ್ಲಿ ಕಾಯುವುದು.

ಈ ಕೆಲಸವನ್ನು ಅಪ್ಪನೇ ಕೊಡಿಸಿದ್ದರು. ದಾದರ್‌ನಲ್ಲಿ ಕನ್ನಡಿಗರ ಯಾವುದೋ ಸಮಾರಂಭದ ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತವರು ದೊಡ್ಡ ಡಾಕ್ಟರೆಂದು ತಿಳಿಯಿತು. ಅವರೂ ಮೈಸೂರಿನವರೆಂದು ತಿಳಿಯಿತು. ಮಜ್ಜಿಗೆ ಬರುವಷ್ಟರಲ್ಲಿ ನನ್ನ ನೌಕರಿ ನಿಶ್ಚಯವಾಗಿತ್ತು. ಯಾವ ರೋಗದ ಸಂಶೋಧನೆ ಎಂದು ಅಪ್ಪ ಕೇಳಲಿಲ್ಲ, ಅವರು ಹೇಳಲಿಲ್ಲ. ಊಟದ ಎಲೆಯ ಮುಂದೆ ಅಂಥ ಮಾತು ಆಡುವ ಪದ್ಧತಿ ನಮ್ಮಲ್ಲಿಲ್ಲ.

ವಿಷಯ ತಿಳಿದ ದಿನ ಅಮ್ಮ ಗಲಾಟೆ ಮಾಡಲಿಲ್ಲ. ನನಗೊಂದು ಬೇರೆ ಲೋಟ ತೆಗೆದಿಟ್ಟಳು, ಅಷ್ಟೆ. ನಾನು ಕೆಂಡಾಮಂಡಲವಾದೆ.

“ಇದು ಲೋಟದಿಂದ ಬರೋ ರೋಗ ಅಲ್ಲಮ್ಮ. ಊಟದಿಂದ ಬರಲ್ಲ, ಮುಟ್ಟಿದರೆ ಬರಲ್ಲ. ನಾನು ದಿನಾ ಹತ್ತು ಜನಕ್ಕೆ ಈ ಪ್ರಶ್ನೆ ಕೇಳ್ತೀನಿ.”

“ಬರಲ್ಲ ಅಂತ ನಂಗೂ ಗೊತ್ತು ಕಣೆ,” ಎಂದಳು ಅಮ್ಮ, ಲೋಟ ತೊಳೆಯುತ್ತ. “ಆದ್ರೂ ಇರಲಿ.”

ಆ ‘ಆದ್ರೂ ಇರಲಿ’ಯನ್ನು ನಾನು ಆಫೀಸಿನಲ್ಲಿ ಎಲ್ಲರಿಗೂ ಹೇಳಿ ನಗಿಸುತ್ತಿದ್ದೆ. ಓದದ ಜನರ ಅಜ್ಞಾನಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ನನ್ನ ಹತ್ತಿರ ಇರಲಿಲ್ಲ.

ನಮ್ಮ ಸಂಶೋಧನೆಗೆ ಎರಡು ಕಟ್ಟಪ್ಪಣೆಗಳಿದ್ದವು. ಒಂದು, ಹೆಸರು ಬರೆಯಬಾರದು. ಮನುಷ್ಯನಿಗೆ ಒಂದು ನಂಬರು, ಅವನ ಫಾರಮ್ಮಿಗೂ ರಕ್ತದ ಸೀಸೆಗೂ ಅದೇ ನಂಬರು. ಯಾರ ರಕ್ತ ಯಾವುದೆಂದು ಬ್ರಹ್ಮನಿಗೂ ಗೊತ್ತಾಗಕೂಡದು. ಎರಡು, ಬುದ್ಧಿ ಹೇಳಬಾರದು. “ನೀನು ಅಡ್ವೈಸ್ ಮಾಡಿದ ತಕ್ಷಣ ಅವರು ನಿನಗೆ ಬೇಕಾದ ಹಾಗೆ ಉತ್ತರ ಕೊಡ್ತಾರೆ. ಡೇಟಾ ಕೆಟ್ಟುಹೋಗುತ್ತೆ ಕಣಮ್ಮ,” ಎನ್ನುತ್ತಿದ್ದರು ಡಾಕ್ಟರು. ಮನುಷ್ಯ ಕೆಟ್ಟರೆ ನೋಡಿಕೊಳ್ಳಲು ಬೇರೆ ಇಲಾಖೆ ಇದೆ ಎಂದು ನಾನೂ ನಂಬಿದ್ದೆ.

ಪ್ರಶ್ನೆಗಳು ಎಲ್ಲಿಯೋ ತಯಾರಾಗಿ, ವಿಮಾನದಲ್ಲಿ ಬಂದು, ಮರಾಠಿ ಹಿಂದಿಗಳಲ್ಲಿ ಅಚ್ಚಾಗಿದ್ದವು. ಮನೆಯಲ್ಲಿ ಎಷ್ಟು ಕೋಣೆಗಳಿವೆ ಎಂಬುದು ಏಳನೆಯ ಪ್ರಶ್ನೆ. ಸೇತುವೆಯ ಕಂಬಕ್ಕೆ ಒರಗಿ ಕೂತವನಿಗೆ ನಾನು ಗಂಭೀರವಾಗಿ ಹಿಂದಿಯಲ್ಲಿ ಅದನ್ನು ಕೇಳಿದೆ. ಅವನು ನನ್ನ ಉಚ್ಚಾರಣೆ ಕೇಳಿ ತಲೆ ಎತ್ತಿದ.

“ಅಕ್ಕ ಕನ್ನಡದವರಾ? ಬ್ರಿಡ್ಜಿಗೆ ಎಂತ ಕೋಣೆ ಅಕ್ಕ? ಒಂದೇ ಹಾಲ್ ಅಂತ ಬರೀರಿ. ಗಾಳಿ ಬೆಳಕು ಚೆನ್ನಾಗುಂಟು.”

ಹೀಗೆ ಅವನ ಪರಿಚಯವಾಯಿತು. ಉಡುಪಿ ಕಡೆಯವನು. ಸ್ಟೇಷನ್ನಿನ ಎದುರಿನ ಉಡುಪಿ ಹೋಟೆಲಿನಲ್ಲಿ ವರ್ಷಗಟ್ಟಲೆ ಅಡುಗೆಯವನಾಗಿದ್ದು, ಗರ್ದ್ ಹತ್ತಿಸಿಕೊಂಡು, ಒಲೆಯ ಮುಂದೆಯೇ ತೂಕಡಿಸಲು ಶುರುಮಾಡಿ, ಹೊರಬಿದ್ದಿದ್ದ. ಅಡುಗೆಮನೆಗೂ ಸೇತುವೆಗೂ ನಡುವೆ ಒಂದು ರಸ್ತೆ ಮಾತ್ರ.

ರಕ್ತ ಕೊಟ್ಟವರಿಗೆ ನಮ್ಮ ಆಫೀಸು ಒಂದು ಕೂಪನ್ ಕೊಡುತ್ತಿತ್ತು. ಅದನ್ನು ತೋರಿಸಿದರೆ ಅದೇ ಹೋಟೆಲಿನಲ್ಲಿ ಒಂದು ಪ್ಲೇಟ್ ಇಡ್ಲಿ ವಡೆ ಸಾಂಬಾರು, ಒಂದು ಚಹಾ. ನಿಯಮದಂತೆ ಒಬ್ಬನಿಗೆ ಒಂದೇ ಸಲ. ಆದರೆ ಹೆಸರೇ ಬರೆಯದ ಮೇಲೆ ಯಾರು ಎಷ್ಟು ಸಲ ಬಂದರು ಎಂದು ಹೇಳುವವರು ಯಾರು? ಒಂದೆರಡು ತಿಂಗಳಿಗೊಮ್ಮೆ ನಾವು ಆ ಸೇತುವೆಗೆ ಹೋದಾಗಲೆಲ್ಲ ಅವನು ಸಾಲಿನಲ್ಲಿರುತ್ತಿದ್ದ. ಪ್ರತಿ ಸಲ ಹೊಸ ನಂಬರು, ಹೊಸ ಫಾರಂ. ನನಗೆ ಗೊತ್ತಿತ್ತು, ಸುಮ್ಮನಿದ್ದೆ. ವಾರಕ್ಕೆ ಇಷ್ಟು ಫಾರಂ ಎಂಬ ಲೆಕ್ಕ ತುಂಬಬೇಕಿತ್ತು, ಮೇಲಾಗಿ ಅವನೊಡನೆ ಕನ್ನಡ ಮಾತಾಡಬಹುದಿತ್ತು. ಅವನು ಬರುತ್ತಿದ್ದದ್ದು ಹಸಿವಿಗಿಂತ ಹೆಚ್ಚಾಗಿ ತನ್ನ ಜಾಗಕ್ಕೆ ಬಂದವನ ಕೈಗುಣ ಪರೀಕ್ಷೆ ಮಾಡಲು. “ಕೊತ್ತಂಬರಿ ಹುರಿದದ್ದು ಸಾಲ್ದು ಅಕ್ಕ. ಹಸಿ ವಾಸನೆ. ಧಣಿಗೆ ಮೂಗಿಲ್ವಾ?” ಎಂದು ಬಂದು ವರದಿ ಒಪ್ಪಿಸುತ್ತಿದ್ದ.

ಮೂರನೆಯ ಸಲ ಅವನ ಉತ್ತರ ಬದಲಾಯಿತು. “ಈಗ ಸೂಜಿ ಅಕ್ಕ. ಬರೀ ಹೊಗೆ ಸಾಕಾಗುದಿಲ್ಲ. ನಾಲ್ಕು ಜನಕ್ಕೆ ಒಂದೇ ಸೂಜಿ.” ಆಮೇಲೆ ಫಾರಮ್ಮಿನಲ್ಲಿಲ್ಲದ ಪ್ರಶ್ನೆಯೊಂದನ್ನು ಅವನೇ ಕೇಳಿದ. “ಅದರಿಂದ ತೊಂದರೆ ಉಂಟಾ?”

ನಾನು ಪೆನ್ನು ಹಿಡಿದು ಕೂತಿದ್ದೆ. ಉತ್ತರ ನನಗೆ ಕಂಠಪಾಠವಾಗಿತ್ತು.

“ನಾನು ಹೇಳುವಂತಿಲ್ಲ,” ಎಂದೆ. “ಮುಂದಿನ ಪ್ರಶ್ನೆ.”

ಡೇಟಾ ಕೆಡಲಿಲ್ಲ. ನಾಲ್ಕನೆಯ ಸಲ ಬಂದಾಗ ಅವನು ಅದನ್ನು ಮತ್ತೆ ಕೇಳಲೂ ಇಲ್ಲ.

ಆಮೇಲೆ ಕೆಲವು ತಿಂಗಳು ಅವನು ಕಾಣಲಿಲ್ಲ. ಒಂದು ಬೆಳಿಗ್ಗೆ ಕ್ಷೌರ ಮಾಡಿಸಿಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಆಫೀಸಿನ ಬಾಗಿಲಲ್ಲಿ ನಿಂತಿದ್ದ. ಚಟ ಬಿಡಿಸುವ ಧರ್ಮಾರ್ಥ ಆಶ್ರಮವೊಂದರಲ್ಲಿದ್ದು ಬಂದಿದ್ದನಂತೆ. ಧಣಿ ವಾಪಸು ಕೆಲಸಕ್ಕೆ ತೆಗೆದುಕೊಳ್ಳಲು ಒಪ್ಪಿದ್ದರು, ಒಂದು ಷರತ್ತಿನ ಮೇಲೆ.

“ಆ ಕಾಯಿಲೆ ಇಲ್ಲ ಅಂತ ಒಂದು ಪೇಪರ್ ತಾ ಹೇಳಿದ್ದಾರೆ. ನಾಲ್ಕು ಸಲ ರಕ್ತ ಕೊಟ್ಟಿದ್ದೇನಲ್ಲ ಅಕ್ಕ, ನಿಮ್ಮಲ್ಲಿ ಬರೆದಿಟ್ಟದ್ದು ಉಂಟಲ್ಲ? ಈ ಕೆಲಸ ಸಿಗದಿದ್ರೆ ನಾನು ಪುನಃ ಬ್ರಿಡ್ಜಿಗೇ ಹೋಗುದು. ಅಲ್ಲಿಗೆ ಹೋದ್ರೆ ಪುನಃ ಅದೇ.”

ಡಾಕ್ಟರ ಹತ್ತಿರ ಹೋದೆ. “ಅವನು ಯಾರು ಅಂತ ನಮಗೆ ಗೊತ್ತೇ ಇಲ್ಲ. ಅದೇ ಈ ಸ್ಟಡಿಯ ಬ್ಯೂಟಿ,” ಎಂದು ನಕ್ಕರು. ಆದರೆ ಒಬ್ಬನೇ ನಾಲ್ಕು ಸಲ ಬಂದಿದ್ದಾನೆ ಎಂದಾಗ ನಗು ನಿಂತಿತು. “ನಾಲ್ಕು ಸಲ? ಇಡ್ಲಿಗೋಸ್ಕರ? ಮೋಸ ಇದು! ನಾಲ್ಕನ್ನೂ ಹುಡುಕಿ ತೆಗೆದುಹಾಕು.” ಅವನು ಯಾರೆಂದು ಗೊತ್ತಾಗದಂತೆ ಅಷ್ಟು ಚೆನ್ನಾಗಿ ಏರ್ಪಾಡು ಮಾಡಿದ ಮೇಲೆ ಹುಡುಕುವುದು ಹೇಗೆಂದು ಅವರು ಹೇಳಲಿಲ್ಲ.

ಹೋಟೆಲಿನ ಧಣಿಯನ್ನಾದರೂ ಒಪ್ಪಿಸೋಣವೆಂದು ಹೋದೆ. ಗಲ್ಲಾದ ಮೇಲೆ ದೇವರ ಪಟ, ಅದರ ಕೆಳಗೆ ಬಿಲ್ಲು ಚುಚ್ಚಿಡುವ ತಂತಿ. ಅದರಲ್ಲಿ ನಮ್ಮ ಕೂಪನ್ನುಗಳು ಕಂತೆಯಾಗಿ ನಿಂತಿದ್ದವು. ನಾನು ಸುಮ್ಮನೆ ಒಂದನ್ನು ತಿರುವಿ ನೋಡಿದೆ. ಮುಂದೆ ನಂಬರು. ನಮ್ಮ ಗುಮಾಸ್ತ, ಕೂಪನ್ನಿಗೆ ಇನ್ನೊಂದು ನಂಬರು ಹುಟ್ಟಿಸುವ ತಾಪತ್ರಯ ಯಾಕೆಂದು, ರಕ್ತದ ಸೀಸೆಯ ನಂಬರನ್ನೇ ಹಾಕಿದ್ದ. ಹಿಂದೆ ಧಣಿಯ ಗುಂಡಗಿನ ಕನ್ನಡದಲ್ಲಿ ತಿಂದವನ ಹೆಸರು, ಅವನ ಊರು.

“ಹೆಸರು ಯಾಕೆ ಬರೆದಿರಿ?” ಎಂದೆ.

“ಮತ್ತೆಂತ ಮೇಡಂ? ತಿಂದವರು ಯಾರು ಅಂತ ಕೇಳದೆ ಹೇಗೆ ಬಡಿಸುದು? ನಾಳೆ ನಿಮ್ಮ ಆಫೀಸಿನವರು ಕೇಳಿದ್ರೆ ಹೇಳ್ಬೇಕಲ್ಲ.”

ಮುಂಬಯಿಯ ಅತಿ ದೊಡ್ಡ ಗುಟ್ಟು ಚಟ್ನಿಯ ಕಲೆ ಹತ್ತಿಸಿಕೊಂಡು, ಚಿಲ್ಲರೆಗೆ ಕೈಚಾಚುವ ಪ್ರತಿ ಗಿರಾಕಿಯ ಮೂಗಿನ ಕೆಳಗೆ ನಿಂತಿತ್ತು. ಆಫೀಸಿಗೆ ಬೇಕೆಂದು ಸುಳ್ಳು ಹೇಳಿ ಇಡೀ ಕಂತೆಯನ್ನು ಕಿತ್ತುಕೊಂಡು ಬಂದೆ. ಅವನ ಹೆಸರಿನ ನಾಲ್ಕು ಕೂಪನ್ನುಗಳನ್ನು ಆರಿಸಿ, ಉಳಿದವನ್ನು ಚೂರುಚೂರು ಮಾಡಿ ದಾದರ್ ಸ್ಟೇಷನ್ನಿನ ಕಸದ ಡಬ್ಬಿಗೆ ಹಾಕಿದೆ. ಮರುದಿನ ಲ್ಯಾಬಿನ ರಿಜಿಸ್ಟರು ತೆರೆದು, ಕಳ್ಳಿಯ ಹಾಗೆ, ಆ ನಾಲ್ಕು ನಂಬರುಗಳ ಫಲಿತಾಂಶ ನೋಡಿದೆ.

ಮೊದಲನೆಯದು ಇಲ್ಲ. ಎರಡನೆಯದು ಇಲ್ಲ. ಮೂರನೆಯದೂ ಇಲ್ಲ. ನಾಲ್ಕನೆಯದು ಹೌದು.

ಮೂರನೆಯ ಸಲ ಅವನು ಕೇಳಿದಾಗ ಅವನ ರಕ್ತದಲ್ಲಿ ಅದು ಕಂಡಿರಲಿಲ್ಲ. ಆ ದಿನವೇ ಸೇರಿಕೊಂಡಿತ್ತೋ, ಆಮೇಲೆ ಬಂತೋ ನನಗೆ ತಿಳಿಯದು. ಒಂದು ಮಾತು ಹೇಳಿದ್ದರೆ ಅವನು ಕೇಳುತ್ತಿದ್ದನೋ ಇಲ್ಲವೋ, ಅದೂ ತಿಳಿಯದು. ಹೇಳಲಿಲ್ಲ ಎಂಬುದಷ್ಟೇ ನನಗೆ ಚೆನ್ನಾಗಿ ಗೊತ್ತು. ರಿಜಿಸ್ಟರಿನ ಮೇಲೆ ತಲೆಯಿಟ್ಟು ಅತ್ತೆ.

ಡಾಕ್ಟರಿಗೆ ತಿಳಿಸಿದಾಗ ಅವರ ಮುಖ ಅರಳಿತು. ಮೋಸಗಾರ ಕ್ಷಣದಲ್ಲಿ ರತ್ನವಾಗಿದ್ದ. “ಒಬ್ಬನೇ ಮನುಷ್ಯ, ಮೊದಲು ಇಲ್ಲ, ಆಮೇಲೆ ಹೌದು! ಇಂಥದ್ದು ಎಲ್ಲಿ ಸಿಗುತ್ತಮ್ಮ? ತೆಗೆದುಹಾಕಬೇಡ. ಅವನನ್ನು ಇನ್ನೂ ನಾಲ್ಕು ಸಲ ಕರ್ಕೊಂಡು ಬಾ. ಬೇಕಾದರೆ ಮಸಾಲೆ ದೋಸೆ ಕೊಡೋಣ.” ಆ ತಿಂಗಳೇ ನಾನು ರಾಜೀನಾಮೆ ಕೊಟ್ಟೆ. ಅಪ್ಪ ಬಿಲ್ಡಿಂಗಿನಲ್ಲಿ, ಮಲೇರಿಯಾ ಕಡಿಮೆಯಾಯಿತು ಎಂದು ಹೇಳಿದರು.

ಅವನಿಗೆ ನಾನೇ ಹೇಳಿದೆ, ಸೇತುವೆಯ ಕೆಳಗೆ, ಫಾರಂ ಇಲ್ಲದೆ.

“ನಾಲ್ಕರಲ್ಲಿ ಮೂರು ಒಳ್ಳೇದು ಬಂದಿದೆಯಲ್ಲ ಅಕ್ಕ,” ಎಂದ. “ಪಾಸಲ್ವಾ?”

ದೊಡ್ಡಾಸ್ಪತ್ರೆಯಲ್ಲಿ ಹೆಸರು ಬರೆಸಿ ಮತ್ತೊಮ್ಮೆ ಪರೀಕ್ಷೆ ಮಾಡಿಸಿದೆವು. ಉತ್ತರ ಬದಲಾಗಲಿಲ್ಲ. ಆಗಿನ ಕಾಲಕ್ಕೆ ಔಷಧಿ ಎಂದು ಕೊಡಲು ಅವರ ಹತ್ತಿರವೂ ಏನೂ ಇರಲಿಲ್ಲ. ಹೊರಗೆ ಬಂದ ಮೇಲೆ ಅವನು, “ಅಷ್ಟರವರೆಗೆ ಕೆಲಸ ಮಾಡಬಹುದಾ?” ಎಂದು ಕೇಳಿದ. ಈ ಸಲ ಹೇಳಿದೆ. ಮಾಡಬಹುದು, ಅಡುಗೆ ಮಾಡಬಹುದು, ಬಡಿಸಬಹುದು, ಯಾರಿಗೂ ಏನೂ ಆಗುವುದಿಲ್ಲ. ಕೈ ಕೊಯ್ದುಕೊಂಡರೆ ಮಾಡಬೇಕಾದದ್ದನ್ನೂ ಹೇಳಿದೆ.

ಧಣಿ ಗಲ್ಲಾದ ಹಿಂದಿನಿಂದ ನನ್ನನ್ನು ನೋಡಿದರು. “ಎಂತ ಮೇಡಂ, ಪೇಪರ್ ತಂದಿರಾ?”

“ನಾನು ಹೇಳುವಂತಿಲ್ಲ,” ಎಂದೆ. “ಯಾರದ್ದೂ ಹೇಳುವಂತಿಲ್ಲ. ಸರ್ಕಾರದಿಂದಲೇ ಹಾಗೆ ರೂಲ್ಸ್ ಉಂಟು.” ಸರ್ಕಾರದ್ದು ನಾನು ಸೇರಿಸಿದ್ದು.

ಅವರು ಖಾಲಿ ತಂತಿಯನ್ನೊಮ್ಮೆ ನೋಡಿದರು, ಬಾಗಿಲಲ್ಲಿ ನಿಂತವನನ್ನೊಮ್ಮೆ. ಏನು ಅರ್ಥ ಮಾಡಿಕೊಂಡರೋ ನನಗೆ ಇಂದಿಗೂ ಗೊತ್ತಿಲ್ಲ. “ರೂಲ್ಸ್ ಅಂದ್ಮೇಲೆ ಆಯ್ತು. ಹೇಗೂ ಸಾಂಬಾರು ಹಾಳಾಗಿ ಹೋಗಿದೆ,” ಎಂದು ಅಡುಗೆಮನೆಯ ಕಡೆ ಕೈ ತೋರಿಸಿದರು.

ವಾರ ಬಿಟ್ಟು ಹೋದೆ. ಅವನೇ ಇಡ್ಲಿ ಸಾಂಬಾರು ತಂದಿಟ್ಟು ಪಕ್ಕದಲ್ಲಿ ನಿಂತ. ತಟ್ಟೆಯಿಂದ ಹುರಿದ ಕೊತ್ತಂಬರಿಯ ಘಮ ಬರುತ್ತಿತ್ತು. ಊಟದಿಂದ ಬರುತ್ತದೆಯೇ ಎಂಬುದು ನಮ್ಮ ಫಾರಮ್ಮಿನ ಕೊನೆಯ ಪುಟದ ಪ್ರಶ್ನೆ. ಸರಿಯುತ್ತರಕ್ಕೆ ನಾನು ಸಾವಿರ ಸಲ ಗುರುತು ಹಾಕಿದ್ದೆ. ಚಮಚ ಎತ್ತಿಕೊಂಡೆ. ಕೈ ಅಲ್ಲೇ ನಿಂತಿತು. ಬೆರಳುಗಳಲ್ಲಿ ಅಮ್ಮ ಬಂದು ಕೂತಿದ್ದಳು, ಗೊತ್ತು ಕಣೆ, ಆದ್ರೂ ಇರಲಿ ಎನ್ನುತ್ತ.

ಎರಡು ಕ್ಷಣ ಇರಬಹುದು. ತಿಂದೆ. ಪೂರ್ತಿ ತಿಂದೆ, ಇನ್ನೊಂದು ಪ್ಲೇಟ್ ಬೇಡಿ ತಿಂದೆ. ಆದರೆ ಆ ಎರಡು ಕ್ಷಣವನ್ನು ಅವನು ನೋಡಿಬಿಟ್ಟಿದ್ದ. ಕೋಪ ಮಾಡಿಕೊಳ್ಳಲಿಲ್ಲ. ಹೆಗಲ ಮೇಲಿದ್ದ ಬಟ್ಟೆಯಿಂದ ನನ್ನ ಮೇಜು ಒರೆಸಿದ, ಒಮ್ಮೆ ಒರೆಸಿದ್ದ ಜಾಗವನ್ನೇ ಮತ್ತೊಮ್ಮೆ ಒರೆಸಿದ.

“ಪರವಾಗಿಲ್ಲ ಅಕ್ಕ,” ಎಂದ. “ನಾನು ಯಾರಿಗೂ ಹೇಳುದಿಲ್ಲ.”